ಬಿಲ್ ಹಾಕಿದ ದಿನವೇ ವರಮಾನವಲ್ಲ

ದಾಸರಹಳ್ಳಿ, ಬೆಂಗಳೂರು

ಪುಟ್ಟಿ,

ವೈಟ್‌ಫೀಲ್ಡ್‌ನ ಆಡಿಟ್ ಆಫೀಸು ಬಿಟ್ಟು ಪೀಣ್ಯದ ಮೆಷಿನ್ ಟೂಲ್ ಕಂಪನಿಗೆ ಸೇರಿದೆ ಎಂದು ನಿನ್ನಮ್ಮ ಫೋನ್ ಮಾಡಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನನ್ನ ಕೆಲಸದ ಬದುಕೆಲ್ಲ ಕಳೆದದ್ದು ಇದೇ ಶೆಡ್ಡುಗಳ ಲೆಕ್ಕ ಬರೆಯುತ್ತಲೇ ಅಲ್ಲವೆ? ನಿನ್ನ ಕಂಪನಿ ಷೇರುಪೇಟೆಗೆ ಹೋಗುವ ತಯಾರಿಯಲ್ಲಿದೆ, ಇಷ್ಟು ವರ್ಷ ಹಳೆಯ ಲೆಕ್ಕ ಮಾನದಂಡ ಎಎಸ್ ಪ್ರಕಾರ ಬರೆದ ಲೆಕ್ಕವನ್ನು ಐಎಫ್‌ಆರ್‌ಎಸ್ ಆಧಾರಿತ ಇಂಡ್ ಎಎಸ್‌ಗೆ ತರಬೇಕು, ವರಮಾನದ ಭಾಗ ನಿನ್ನ ಪಾಲಿಗೆ ಬಂದಿದೆ ಎಂದೂ ಹೇಳಿದಳು. ‘ಎಲ್ಲಿಂದ ಶುರು ಮಾಡಲಿ ದೊಡ್ಡಪ್ಪ, ಹೊಸ ಸಾಫ್ಟ್‌ವೇರ್ ಕೊಳ್ಳುವುದರಿಂದಲೇ?’ ಎಂದು ಕೇಳಿದ್ದೀಯ. ಸಾಫ್ಟ್‌ವೇರ್ ಕೊನೆಗೆ ಬರಲಿ. ನೀನು ಮಾರ್ಕೆಟಿಂಗ್‌ನವರ ಬೀರು ತೆರೆಸಿ, ಆರ್ಡರ್ ಫೈಲುಗಳನ್ನು ಓದುವುದರಿಂದ ಶುರು ಮಾಡು.

ಯಾಕೆಂದರೆ ವರಮಾನದ ಹೊಸ ಮಾನದಂಡ ಇಂಡ್ ಎಎಸ್ 115 ಕೇಳುವ ಪ್ರಶ್ನೆಯೇ ಅದು: ಗ್ರಾಹಕನಿಗೆ ಏನೇನು ಮಾತು ಕೊಟ್ಟಿದ್ದೀರಿ, ಯಾವ ಮಾತು ಯಾವಾಗ ತೀರಿತು? ವರಮಾನದ ಹಳೆಯ ಮಾನದಂಡವಾದ 1985ರ ಎಎಸ್ 9 ಕೂಡ, ಇನ್‌ಸ್ಟಲೇಷನ್ ಮುಖ್ಯವಾದ ಮಾರಾಟದಲ್ಲಿ ಅದು ಮುಗಿದು ಗ್ರಾಹಕ ಒಪ್ಪುವವರೆಗೆ ವರಮಾನ ತೋರಿಸಬೇಡಿ ಎಂದೇ ಹೇಳುತ್ತದೆ. ಆದರೆ ರೂಢಿಯಲ್ಲಿ ಎಷ್ಟೋ ಕಡೆ ಬಿಲ್ ಹಾಕಿ, ಲಾರಿ ಗೇಟು ದಾಟಿದರೆ ಟರ್ನ್‌ಓವರ್‌ಗೆ ಸೇರಿತು ಎಂದು ನಡೆದುಬಂದಿದೆ. ಮಾರ್ಚ್ ಕೊನೆಯ ವಾರ ಪೀಣ್ಯದ ರಸ್ತೆಗಳಲ್ಲಿ ಲಾರಿಗಳು ಸಾಲುಗಟ್ಟುವುದನ್ನು ನೀನೂ ನೋಡುತ್ತೀಯ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ, ಕಾಗದದ ಮೇಲೆ ನೀನೂ ಹಾಕು. ಒಂದು ಸಿಎನ್‌ಸಿ ಮೆಷಿನ್ನಿನ ಬಿಡಿ ಬೆಲೆ 44 ಲಕ್ಷ, ಇನ್‌ಸ್ಟಲೇಷನ್‌ಗೆ 1 ಲಕ್ಷ, 3 ವರ್ಷದ ಸರ್ವೀಸಿಗೆ 5 ಲಕ್ಷ, ಒಟ್ಟು 50. ಪುಣೆಯ ಗ್ರಾಹಕನೊಬ್ಬ ಚೌಕಾಸಿ ಮಾಡಿ ಎಲ್ಲ ಸೇರಿಸಿ 45 ಲಕ್ಷಕ್ಕೆ ಒಪ್ಪಿಸಿದ ಎನ್ನು. ರಿಯಾಯಿತಿ ಹತ್ತು ಪರ್ಸೆಂಟ್. ಅದನ್ನು ಮೂರಕ್ಕೂ ಹಂಚಬೇಕು: ಮೆಷಿನ್ನಿಗೆ 39.6, ಇನ್‌ಸ್ಟಲೇಷನ್‌ಗೆ 0.9, ಸರ್ವೀಸಿಗೆ 4.5 ಲಕ್ಷ. ಸರ್ವೀಸಿನ ಹಣ 36 ತಿಂಗಳಲ್ಲಿ ತಿಂಗಳಿಗೆ 12,500 ರೂಪಾಯಿಯಂತೆ ವರಮಾನಕ್ಕೆ ಬರುತ್ತದೆ. ಗ್ರಾಹಕ ಅದನ್ನು ಮೊದಲೇ ಕೊಟ್ಟಿದ್ದರೂ ಉಳಿದದ್ದು ನಿಮ್ಮ ಹೊಣೆ, ಬ್ಯಾಲೆನ್ಸ್ ಶೀಟಿನಲ್ಲಿ ಕಾಂಟ್ರ್ಯಾಕ್ಟ್ ಲಯಬಿಲಿಟಿ. ಒಂದು ಎಚ್ಚರಿಕೆ: ಮೆಷಿನ್ ಸರಿಯಿದೆ ಎಂದು ಭರವಸೆ ಕೊಡುವ ಮಾಮೂಲಿ ವಾರಂಟಿ ಬೇರೆ, ಅದನ್ನು ಹೀಗೆ ಬೇರ್ಪಡಿಸುವಂತಿಲ್ಲ, ಅದಕ್ಕೆ ಖರ್ಚಿನ ಕಡೆ ಪ್ರಾವಿಷನ್ ಮಾಡಿದರೆ ಸಾಕು.

ಈಗ ಬಿಲ್ಲಿನ ತಾರೀಕು ಮಾರ್ಚ್ 30, ಲಾರಿ ಪುಣೆ ಮುಟ್ಟಿದ್ದು ಏಪ್ರಿಲ್ 2 ಎಂದಿಟ್ಟುಕೋ. ಆರ್ಡರಿನಲ್ಲಿ ‘ಎಫ್‌ಒಆರ್ ಪುಣೆ’ ಎಂದಿದ್ದರೆ, ದಾರಿಯಲ್ಲಿ ಏನಾದರೂ ಆದರೆ ನಷ್ಟ ನಿಮ್ಮದೇ; ಮಾರ್ಚ್ 31ರಂದು ಮೆಷಿನ್ ಇನ್ನೂ ನಿಮ್ಮ ಸ್ಟಾಕು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗು. ಗ್ರಾಹಕನ ಜಾಬಿಗೆ ತಕ್ಕಂತೆ ಅವನ ಶೆಡ್ಡಿನಲ್ಲೇ ಮೆಷಿನ್ ಮಾರ್ಪಡಿಸಿ, ಟ್ರಯಲ್ ಪೀಸ್ ತೆಗೆದು, ಅಳತೆ ಸರಿ ಎಂದು ಅವನಿಂದ ಸಹಿ ಪಡೆಯಬೇಕಾದ ಆರ್ಡರುಗಳಿವೆ. ಅಲ್ಲಿ ಮೆಷಿನ್ನೂ ಇನ್‌ಸ್ಟಲೇಷನ್ನೂ ಒಂದೇ ಮಾತು. ಕಮಿಷನಿಂಗ್ ರಿಪೋರ್ಟಿಗೆ ಸಹಿ ಬೀಳುವವರೆಗೆ ಎರಡೂ ಸೇರಿದ 40.5 ಲಕ್ಷದಲ್ಲಿ ಒಂದು ರೂಪಾಯಿಯೂ ವರಮಾನವಲ್ಲ. ಇಂಥ ಆರ್ಡರುಗಳ ಜೊತೆ ತಡವಾದರೆ ವಾರಕ್ಕೆ ಅರ್ಧ ಪರ್ಸೆಂಟ್ ದಂಡ ಎಂಬ ಷರತ್ತೂ ಇರುತ್ತದೆ. ಹಿಂದಿನ ಆರ್ಡರುಗಳಲ್ಲಿ ಎಷ್ಟು ಕಡಿತವಾಗಿದೆ ನೋಡಿ, ಮೊದಲೇ ಅಂದಾಜು ಮಾಡಿ ಬೆಲೆಯಿಂದ ಕಳೆಯಬೇಕು.

ಜಾಬ್ ವರ್ಕಿನದು ಇದಕ್ಕೆ ಉಲ್ಟಾ. ಗ್ರಾಹಕನೇ ಕಾಸ್ಟಿಂಗ್ ಕಳಿಸುತ್ತಾನೆ, ನೀವು ಕೊರೆದು, ಉಜ್ಜಿ ವಾಪಸ್ ಕೊಡುತ್ತೀರಿ. ಮಾಲು ಮೊದಲಿನಿಂದಲೂ ಅವನದೇ ಆದ್ದರಿಂದ, ನೀವು ಕೆಲಸ ಮಾಡುತ್ತ ಹೋದಂತೆ ವರಮಾನವೂ ಬರುತ್ತ ಹೋಗುತ್ತದೆ. ತಿಂಗಳ ಕೊನೆಗೆ ಮೆಷಿನ್ನಿನ ಮೇಲೆ ಅರ್ಧ ಮುಗಿದ ಪೀಸುಗಳಿಗೂ ಲೆಕ್ಕ ಬೇಕು, ಬಿಲ್ ಹಾಕದಿದ್ದರೂ. ಇದು ಅಕೌಂಟ್ಸ್ ರೂಮಿನಲ್ಲಿ ಕೂತರೆ ತಿಳಿಯುವುದಿಲ್ಲ. ಶಾಪ್ ಫ್ಲೋರಿಗೆ ಇಳಿದು ಸೂಪರ್‌ವೈಸರ್ ಪಕ್ಕ ನಿಂತು ಕೇಳು.

ದೊಡ್ಡ ಕಂಪನಿಗಳು ಇದನ್ನು ಹೇಗೆ ದಾಟಿದವು ಎಂದು ನಿನಗೆ ಗೊತ್ತಿರಲಿ. ಇಂಡ್ ಎಎಸ್ 115ರ ಮೂಲವಾದ ಐಎಫ್‌ಆರ್‌ಎಸ್ 15 ಅನ್ನು ಅಂತರರಾಷ್ಟ್ರೀಯ ಲೆಕ್ಕ ಮಾನದಂಡ ಮಂಡಳಿ ಹೊರತಂದದ್ದು 2014ರ ಮೇ ತಿಂಗಳಲ್ಲಿ. ನಮ್ಮ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಇಂಡ್ ಎಎಸ್ 115ರ ಅಧಿಸೂಚನೆ ಹೊರಡಿಸಿದ್ದು 2018ರ ಮಾರ್ಚ್ 28ಕ್ಕೆ, ಜಾರಿ ಏಪ್ರಿಲ್ 1ಕ್ಕೆ. ಅಧಿಸೂಚನೆ ಬರಲಿ ಆಮೇಲೆ ನೋಡೋಣ ಎಂದು ಕೂತವರಿಗೆ ಸಿಕ್ಕಿದ್ದು ಒಂದು ವಾರವೂ ಅಲ್ಲ. ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್ ಅದೇ ಏಪ್ರಿಲ್ 1ರಿಂದ ಹೊಸ ನಿಯಮಕ್ಕೆ ಬಂತು, ಹಳೆಯ ವರ್ಷಗಳನ್ನು ತಿದ್ದದೆ ವ್ಯತ್ಯಾಸವನ್ನಷ್ಟೇ ಆರಂಭದ ಶಿಲ್ಕಿಗೆ ತರುವ ದಾರಿ ಹಿಡಿಯಿತು, ಪರಿಣಾಮ ಗಣನೀಯವಲ್ಲ ಎಂದು ವರದಿ ಮಾಡಿತು. ಅದನ್ನು ಓದಿ ಕೆಲಸವೂ ಕಡಿಮೆ ಎಂದುಕೊಳ್ಳಬೇಡ. ಫಿಕ್ಸ್‌ಡ್ ಪ್ರೈಸ್ ಪ್ರಾಜೆಕ್ಟು, ಲೈಸೆನ್ಸು, ಮೇಂಟೆನೆನ್ಸು ಒಂದೊಂದನ್ನೂ ಪರಿಶೀಲಿಸಿದ ಮೇಲಷ್ಟೇ ‘ಗಣನೀಯವಲ್ಲ’ ಎಂದು ಬರೆಯಲು ಬರುತ್ತದೆ. ಆ ಮಾತು ಬರೆಯುವ ಅರ್ಹತೆ ನಿನಗೂ ಬರಬೇಕು ಎಂಬುದು ನನ್ನ ಆಸೆ.

ಆದರೆ ಅವರ ದಾರಿ ನಿನಗೆ ಸಿಗದು. ಮೊದಲ ಸಲ ಇಂಡ್ ಎಎಸ್‌ಗೆ ಬರುವವರಿಗೆ ಇಂಡ್ ಎಎಸ್ 101 ಅನ್ವಯ; ಹಿಂದಿನದನ್ನೂ ಹೊಸ ಕಣ್ಣಿನಿಂದ ಬರೆಯಬೇಕು. ಹೋಲಿಕೆಗೆ ತೋರಿಸುವ ಅತಿ ಹಿಂದಿನ ವರ್ಷಕ್ಕೂ ಮೊದಲೇ ಪೂರ್ತಿ ಮುಗಿದ ಆರ್ಡರುಗಳನ್ನು ಬಿಡಬಹುದು ಎಂಬಂಥ ಕೆಲವು ವಿನಾಯಿತಿಗಳಷ್ಟೇ ಇವೆ. ಮೊದಲ ಲೆಕ್ಕಪತ್ರ 2028ರ ಮಾರ್ಚಿಗೆ ಎಂದು ನಿಮ್ಮವರು ತೀರ್ಮಾನಿಸಿದರೆ, 2026ರ ಏಪ್ರಿಲ್ 1ರ ಆರಂಭದ ಬ್ಯಾಲೆನ್ಸ್ ಶೀಟೂ ಹೊಸ ರೀತಿಯದಾಗಿರಬೇಕು. ಇನ್ನೂ ಎರಡು ವರ್ಷ ಇದೆ ಎಂದು ಯಾರಾದರೂ ಹೇಳಿದರೆ ಈ ತಾರೀಕನ್ನು ಮುಂದಿಡು.

ಪುಟ್ಟಿ, ಎಲ್ಲಕ್ಕಿಂತ ಕಷ್ಟದ ಭಾಗ ಜನರದು. ಮಾರ್ಚ್ ಟಾರ್ಗೆಟ್ ಮುಟ್ಟಿದರೆ ಇನ್ಸೆಂಟಿವ್ ಎಂದು ನಂಬಿರುವ ಸೇಲ್ಸ್ ಹುಡುಗ, ಬಿಲ್ ಹಾಕಿದರೂ ವರಮಾನವಲ್ಲ ಎಂದಾಗ ನಿನ್ನ ಮೇಲೆ ಸಿಟ್ಟಾಗುತ್ತಾನೆ. ಅವನ ಮನೆಯ ಇಎಂಐ ಆ ಇನ್ಸೆಂಟಿವ್ ಮೇಲೆ ನಿಂತಿರಬಹುದು. ಅವನ ಟಾರ್ಗೆಟ್ ಯಾವುದರ ಮೇಲೆ ಇರಬೇಕು, ಬುಕಿಂಗ್ ಮೇಲೋ ಕಮಿಷನಿಂಗ್ ಮೇಲೋ ಎಂದು ಎಚ್‌ಆರ್ ಜೊತೆ ಕೂತು ವರ್ಷದ ಆರಂಭದಲ್ಲೇ ಇತ್ಯರ್ಥ ಮಾಡಿಸು. ಮಾರ್ಚಿನಲ್ಲಿ ಹೇಳುವುದು ಅನ್ಯಾಯ. ಬ್ಯಾಂಕಿನವರಿಗೂ ಮೊದಲೇ ತಿಳಿಸಿರಬೇಕು. ಒಂದು ವರ್ಷ ಟರ್ನ್‌ಓವರ್ ಇಳಿದಂತೆ ಕಂಡರೆ ಕ್ಯಾಶ್ ಕ್ರೆಡಿಟ್ (ಸಿಸಿ) ಲಿಮಿಟ್ ಬಗ್ಗೆ ಪ್ರಶ್ನೆ ಏಳುತ್ತದೆ. ಇನ್ನು ವಾಟ್ಸ್‌ಆ್ಯಪ್‌ನಲ್ಲಿ ‘ಒಂದು ಟೂಲ್ ಹೋಲ್ಡರ್ ಸೆಟ್ ಫ್ರೀ ಕೊಡ್ತೀವಿ ಸಾರ್’ ಎಂದು ಕೊಟ್ಟ ಮಾತೂ ಒಪ್ಪಂದದ ಭಾಗವೇ. ಅದು ಫೈಲಿನಲ್ಲಿ ಇರುವುದಿಲ್ಲ. ಸೇಲ್ಸ್‌ನವರು ನಿನ್ನನ್ನು ನಂಬಿದರೆ ಮಾತ್ರ ನಿನಗೆ ಹೇಳುತ್ತಾರೆ.

ಜಿಎಸ್‌ಟಿ ಲೆಕ್ಕ ಇದಕ್ಕೆ ಹೊಂದುವುದಿಲ್ಲ, ಗಾಬರಿಯಾಗಬೇಡ. ಮಾರ್ಚ್ 30ರ ಬಿಲ್ಲಿಗೆ ತೆರಿಗೆ ಆ ತಿಂಗಳಿಗೇ ಕಟ್ಟಬೇಕು, ವರಮಾನ ಮುಂದಿನ ವರ್ಷಕ್ಕೆ ಹೋದರೂ ಸರಿ. ಎರಡರ ನಡುವಿನ ತಾಳೆಪಟ್ಟಿಯನ್ನು ಪ್ರತಿ ತಿಂಗಳು ಮಾಡಿಬಿಡು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಲೇಬೇಕು, ಹಾಗಾಗಿ ಪ್ರತಿ ಹೊಂದಾಣಿಕೆ ಎಂಟ್ರಿಗೂ ಕಾರಣ ಬರೆದಿಡುವುದು ನಿನಗೇ ರಕ್ಷಣೆ. ಅಕೌಂಟ್ ಹೆಡ್ಡುಗಳನ್ನು ಹೊಸದಾಗಿ ಜೋಡಿಸುವಾಗ ಐಎಫ್‌ಆರ್‌ಎಸ್ 18 ಅನ್ನೂ ನೋಡು. 2024ರ ಏಪ್ರಿಲ್‌ನಲ್ಲಿ ಬಂದ ಅದು 2027ರ ಜನವರಿಯಿಂದ ಶುರುವಾಗುವ ವರ್ಷಗಳಿಗೆ ಲಾಭ-ನಷ್ಟದ ಪಟ್ಟಿಯನ್ನೇ ವ್ಯವಹಾರ, ಹೂಡಿಕೆ, ಹಣಕಾಸು ಎಂದು ವಿಂಗಡಿಸಲು ಹೇಳುತ್ತದೆ. ಅದರ ಭಾರತೀಯ ರೂಪವೂ ಬರುವ ಹಾದಿಯಲ್ಲಿದೆ. ಎರಡು ಸಲ ಮನೆ ಕೆಡವಿ ಕಟ್ಟುವ ಪ್ರಮೇಯ ಬೇಡ.

ಈ ಭಾನುವಾರ ಮೆಟ್ರೊ ಹತ್ತಿ ಮನೆಗೆ ಬಾ, ದೊಡ್ಡಮ್ಮ ಅಕ್ಕಿರೊಟ್ಟಿ ಮಾಡುತ್ತಾಳಂತೆ. ಕಂಪನಿಯ ಕಾಗದ ತರಬೇಡ, ಅದು ಹೊರಗೆ ಬರಬಾರದು. ಬೇರೆ ಬೇರೆ ತರಹದ ಐದು ಆರ್ಡರುಗಳ ಷರತ್ತುಗಳನ್ನು ಹೆಸರು, ಬೆಲೆ ಬಿಟ್ಟು ನಿನ್ನ ಕೈಬರಹದಲ್ಲಿ ಬರೆದುಕೊಂಡು ಬಾ. ರಫ್ತಿನದು ಒಂದು ಇರಲಿ, ಜಾಬ್ ವರ್ಕಿನದು ಒಂದು ಇರಲಿ. ಒಂದೊಂದರಲ್ಲೂ ಎಷ್ಟು ಮಾತುಗಳಿವೆ ಎಂದು ಇಬ್ಬರೂ ಕೂತು ಎಣಿಸೋಣ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ