ಜಿಲೇಬಿ ಮೀನಿನ ಮರಿಗಳನ್ನು ಗಂಡಾಗಿಸುವ ಕ್ರಮ

ತಿಲಾಪಿಯಾ ಎಂಬ ಮೀನನ್ನು ನಮ್ಮಲ್ಲಿ ಜಿಲೇಬಿ ಮೀನೆಂದು ಕರೆಯುವರು. ಇದರ ಮೊಜಾಂಬಿಕ್ ಜಾತಿಯು ೧೯೫೨ರಲ್ಲಿ ಭಾರತಕ್ಕೆ ಬಂದಿತು. ಅದು ಸೇರಿದ ಕೆರೆಗಳಲ್ಲಿ ಅಂಗೈಗಿಂತ ಚಿಕ್ಕ ಮೀನುಗಳು ಕಿಕ್ಕಿರಿದಿರುವುದನ್ನು ಅನೇಕರು ಕಂಡಿರಬಹುದು. ಇದು ನೀರಿನ ದೋಷವಲ್ಲ. ಈ ಮೀನು ಕೆಲವೇ ತಿಂಗಳ ಪ್ರಾಯದಲ್ಲಿ ಮೊಟ್ಟೆಯಿಡತೊಡಗುವುದು; ತಾಯಿಯು ಮೊಟ್ಟೆಮರಿಗಳನ್ನು ಬಾಯಲ್ಲಿಟ್ಟು ಕಾಯುವಷ್ಟು ದಿವಸವೂ ಮೇವನ್ನು ಮುಟ್ಟದು. ಹೀಗೆ ಹೆಣ್ಣಿನ ಬೆಳವಣಿಗೆಯು ಕುಂದುವುದು; ಹುಟ್ಟಿದ ಮರಿಗಳು ಯಜಮಾನನು ಹಾಕಿದ ಮೇವಿಗೆ ಪಾಲುಗಾರರಾಗುವುವು. ಗಂಡಾದರೋ ಬೇಗನೆ ಮೈಹಿಡಿಯುವುದು. ಆದುದರಿಂದ ಗಂಡುಗಳನ್ನು ಮಾತ್ರ ಸಾಕುವುದು ಲಾಭಕರವು.

ಮೊಟ್ಟೆಯೊಡೆದ ಮರಿಯಲ್ಲಿ ಗಂಡುಹೆಣ್ಣಿನ ಅಂಗವು ಇನ್ನೂ ರೂಪುಗೊಂಡಿರುವುದಿಲ್ಲ. ಆ ಅವಧಿಯಲ್ಲಿ ಗಂಡು ಹಾರ್ಮೋನು ದೇಹವನ್ನು ಸೇರಿದರೆ, ಹೆಣ್ಣಾಗತಕ್ಕ ಮರಿಯಲ್ಲಿಯೂ ವೃಷಣವೇ ಬೆಳೆಯುವುದು. ಹಾರ್ಮೋನಿನಿಂದ ಮೀನಿನ ಲಿಂಗವನ್ನು ಪೂರ್ಣವಾಗಿ ಬದಲಿಸಬಹುದೆಂಬುದನ್ನು ಜಪಾನಿನ ಯಮಾಮೊಟೊ ಎಂಬ ಪಂಡಿತರು ೧೯೫೩ರಲ್ಲಿ ಮೆಡಕಾ ಮೀನಿನಲ್ಲಿ ತೋರಿಸಿಕೊಟ್ಟರು. ಅವರು ಗಂಡನ್ನು ಹೆಣ್ಣಾಗಿಸಿದ್ದರು. ಈಗ ಮರಿ ಉತ್ಪಾದಿಸುವ ಕೇಂದ್ರಗಳಲ್ಲಿ ಮಿಥೈಲ್ ಟೆಸ್ಟೊಸ್ಟಿರೋನನ್ನು ಮದ್ಯಸಾರದಲ್ಲಿ ಕರಗಿಸಿ, ಒಂದು ಕಿಲೋಗ್ರಾಂ ನುಣುಪಾದ ಮೇವಿಗೆ ಸಾಮಾನ್ಯವಾಗಿ ೬೦ ಮಿಲಿಗ್ರಾಂನಂತೆ ಬೆರೆಸುವರು. ಮದ್ಯಸಾರವು ಆರಿಹೋದ ಬಳಿಕ ಅದನ್ನು ದಿನಕ್ಕೆ ನಾಲ್ಕೈದು ಬಾರಿ, ೨೧ರಿಂದ ೨೮ ದಿವಸ ತಿನ್ನಿಸುವರು. ಮರಿಯು ೧೪ ಮಿಲಿಮೀಟರು ಮೀರುವ ಮೊದಲೇ ಆರಂಭಿಸಬೇಕು. ಸರಿಯಾಗಿ ನಡೆದಲ್ಲಿ ನೂರಕ್ಕೆ ೯೫ಕ್ಕೂ ಮೇಲ್ಪಟ್ಟು ಗಂಡುಗಳಾಗುವುವು.

ಇಷ್ಟನ್ನು ಓದಿ, ಔಷಧವನ್ನು ತರಿಸಿ ತಮ್ಮ ಕೊಳಕ್ಕೇ ಹಾಕೋಣವೆಂದು ಯಾರೂ ಹೊರಡಬಾರದು. ಬೆಳೆದ ಮೀನಿಗೆ ಇದನ್ನು ಕೊಡುವುದು ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದಂತೆ. ಕೇಂದ್ರದ ಕೆಲಸಗಾರರೇ ಕೈಗೆ ಚೀಲವನ್ನೂ ಮೂಗುಬಾಯಿಗೆ ಮುಸುಕನ್ನೂ ಧರಿಸಬೇಕು. ಗರ್ಭಿಣಿಯರು ಹತ್ತಿರ ಸುಳಿಯಲಾಗದು. ಔಷಧ ಬೆರೆತ ನೀರನ್ನು ಕೆರೆಗೆ ಬಿಡಲಾಗದು. ತಿನ್ನುವವರಿಗೆ ಅಪಾಯವುಂಟೇ ಎಂದು ಕೇಳುವವರುಂಟು. ಮರಿಯು ತಿಂದ ಹಾರ್ಮೋನು, ಕೊಡುವುದನ್ನು ನಿಲ್ಲಿಸಿದ ಕೆಲವು ದಿನಗಳಲ್ಲಿಯೇ ದೇಹವನ್ನು ಬಿಡುವುದು. ಮೀನು ಪೇಟೆಗೆ ಬರುವುದು ತಿಂಗಳುಗಳ ತರುವಾಯ.

ನಮ್ಮ ದೇಶದಲ್ಲಿ ಈ ಮೀನನ್ನು ಸಾಕಲು ಸರಕಾರದ ಅನುಮತಿಯು ಬೇಕು. ಮರಿಯನ್ನೂ ಅನುಮತಿ ಪಡೆದ ಕೇಂದ್ರದಿಂದಲೇ ಕೊಳ್ಳತಕ್ಕದ್ದು. ಬಿಟ್ಟ ಮೂರು ನಾಲ್ಕು ತಿಂಗಳ ಮೇಲೆ ಕೊಳದ ಅಂಚಿನಲ್ಲಿ ಎಳೆಮರಿಗಳ ಹಿಂಡು ಕಂಡಲ್ಲಿ, ಹೆಣ್ಣುಗಳು ಬೆರೆತಿರುವುವೆಂದು ತಿಳಿಯಬೇಕು. ಇನ್ನೊಂದು ಮಾತು: ಗಂಡಾಗಿಸಿದ ಮೀನು ಬಂಜೆಯಲ್ಲ. ಒಬ್ಬರ ಕೊಳದಿಂದ ತಪ್ಪಿಸಿಕೊಂಡುದು ಊರ ಕೆರೆಯ ಹೆಣ್ಣುಗಳೊಡನೆ ಕೂಡಿ ಸಂತಾನವನ್ನು ಬೆಳೆಸುವುದು. ಅಂತಹ ಕೊಳಗಳ ತೂಬಿಗೂ ಕೋಡಿಗೂ ಸಣ್ಣ ಕಣ್ಣಿನ ಬಲೆಯನ್ನು ಕಟ್ಟಿಸಿರುವರೇ ಎಂಬುದನ್ನು ಗ್ರಾಮದ ಮುಖಂಡರು ಮಳೆಗಾಲಕ್ಕೆ ಮುಂಚಿತವಾಗಿಯೇ ಖುದ್ದಾಗಿ ನೋಡತಕ್ಕದ್ದು.