ಶಾಲೆಯಲ್ಲಿ ಚಿಕಿತ್ಸೆಯ ನೆರವು

ಚಿಕಿತ್ಸೆಯೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಆಸ್ಪತ್ರೆ. ಪಾಠವೆಂದೊಡನೆ ಬರುವುದು ಶಾಲೆ. ಇವೆರಡೂ ಬೇರೆ ಬೇರೆ ಎಂದು ನಾವು ಬಹುಕಾಲ ನಂಬಿದ್ದೆವು. ಆದರೆ ಕೆಲವು ಮಕ್ಕಳಿಗೆ ಚಿಕಿತ್ಸೆಯ ನೆರವಿಲ್ಲದೆ ಪಾಠ ಕೈಗೆಟುಕದು. ಪಾಠದ ನಡುವೆ ದೊರೆಯದಿದ್ದರೆ ಚಿಕಿತ್ಸೆಯೂ ಪೂರ್ಣ ಫಲವನ್ನು ಕೊಡದು. ಇದು ಹೇಗೆಂಬುದನ್ನು ಈ ಲೇಖನದಲ್ಲಿ ವಿವೇಚಿಸೋಣ.

ಮೊದಲು ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ನಾವು ಕಲಿಸುತ್ತಿದ್ದ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಕೇಳಿದ ಪ್ರಶ್ನೆಗೆ ಬಾಯಲ್ಲಿ ಚೆನ್ನಾಗಿ ಉತ್ತರ ಹೇಳುವನು. ಬರೆಯಲು ಕುಳಿತರೆ ಎರಡು ಸಾಲಿಗೆ ಕೈ ಸೋಲುವುದು. ಅಕ್ಷರಗಳು ಗೆರೆ ಬಿಟ್ಟು ಓಡುವುವು. ಒತ್ತಕ್ಷರಗಳು ಎಲ್ಲೋ ಹೋಗಿ ಬೀಳುವುವು. ಸೋಮಾರಿತನವೆಂದು ಬಗೆದು ನಾವು ಅದೇ ಪುಟವನ್ನು ಹತ್ತು ಸಲ ಬರೆಯಿಸಿದೆವು. ಬರವಣಿಗೆ ಸುಧಾರಿಸಲಿಲ್ಲ, ಹುಡುಗನು ಬಾಯಲ್ಲಿ ಉತ್ತರ ಹೇಳುವುದನ್ನೂ ನಿಲ್ಲಿಸಿಬಿಟ್ಟನು. ಮುಂದೆ ಅವನನ್ನು ಪರೀಕ್ಷಿಸಿದ ಚಿಕಿತ್ಸಕರು, ಅವನ ಬೆರಳುಗಳಲ್ಲಿ ಬಲ ಕಡಿಮೆಯಿರುವುದನ್ನೂ ಕಾಲುಗಳು ನೆಲಕ್ಕೆ ಎಟುಕದೆ ಬೆಂಚಿನಿಂದ ಜೋತಾಡುತ್ತಿರುವುದನ್ನೂ ತೋರಿಸಿಕೊಟ್ಟರು. ವರ್ಷವಿಡೀ ಎದುರಿಗೇ ಇದ್ದ ಆ ಕಾಲುಗಳನ್ನು ನಾವು ನೋಡಿಯೇ ಇರಲಿಲ್ಲ.

ಮೂರು ಬಗೆಯ ನೆರವು

ಶಾಲೆಯಲ್ಲಿ ಬೇಕಾಗುವ ಚಿಕಿತ್ಸೆ ಮುಖ್ಯವಾಗಿ ಮೂರು ಬಗೆಯದು. ಇದರಲ್ಲಿ ಔಷಧವೂ ಇಲ್ಲ, ಸೂಜಿಯೂ ಇಲ್ಲ. ಇರುವುದು ಅಭ್ಯಾಸ ಮತ್ತು ಅನುಕೂಲ.

ಮೊದಲನೆಯದು ಫಿಸಿಯೊಥೆರಪಿ. ಕೂರುವುದು, ನಿಲ್ಲುವುದು, ನಡೆಯುವುದು ಇದರ ವಿಷಯ. ಸೆರೆಬ್ರಲ್ ಪಾಲ್ಸಿ ಎಂಬ ಸ್ಥಿತಿಯಲ್ಲಿ, ಜನನಕ್ಕೆ ಮುಂಚೆ, ಜನನದ ಸಮಯದಲ್ಲಿ ಅಥವಾ ಶೈಶವದಲ್ಲಿ ಮೆದುಳಿಗೆ ಆದ ಹಾನಿಯಿಂದ ಸ್ನಾಯುಗಳು ಮಾತು ಕೇಳುವುದಿಲ್ಲ. ಇದು ಅಂಟುರೋಗವಲ್ಲ. ಕೈಕಾಲು ಸೆಟೆದ ಮಗುವಿನ ಬುದ್ಧಿ ಪೂರ್ಣ ಚುರುಕಾಗಿರುವುದೂ ಉಂಟು.

ಎರಡನೆಯದು ಆಕ್ಯುಪೇಷನಲ್ ಥೆರಪಿ. ಬರೆಯುವುದು, ಗುಂಡಿ ಹಾಕುವುದು, ಊಟದ ಡಬ್ಬಿ ತೆರೆಯುವುದು ಮೊದಲಾದ ನಿತ್ಯದ ಕೆಲಸಗಳನ್ನು ಮಗು ತಾನೇ ಮಾಡುವಂತೆ ಮಾಡುವುದು ಇದರ ಗುರಿ. 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬಕರ್ ಅವರು ಈ ವಿದ್ಯೆಯನ್ನು ಕಲಿಸುವ ಶಾಲೆಯನ್ನು ಆರಂಭಿಸಿದರು. ನಮ್ಮ ದೇಶದಲ್ಲಿ ಅದೇ ಮೊದಲನೆಯದು. ಚೆನ್ನಾಗಿ ಬರೆಯಲು ಮೊದಲು ಚೆನ್ನಾಗಿ ಕೂರಬೇಕೆಂಬುದು ಈ ಶಾಸ್ತ್ರದ ಸರಳ ಪಾಠ. ಪಾದಗಳು ನೆಲದ ಮೇಲೆ ಊರಿರಬೇಕು; ಸೊಂಟ, ಮೊಣಕಾಲು, ಹರಡುಗಳು ಲಂಬಕೋನದಲ್ಲಿರಬೇಕು; ಮೇಜು ಮೊಣಕೈಯ ಎತ್ತರಕ್ಕಿರಬೇಕು. ಶರೀರವು ಅಲುಗಾಡುತ್ತಿದ್ದರೆ ಅದನ್ನು ಹಿಡಿದಿಡುವುದರಲ್ಲೇ ಮಗುವಿನ ಶಕ್ತಿ ವ್ಯಯವಾಗಿ, ಬೆರಳಿಗೆ ಉಳಿಯುವುದು ಅತ್ಯಲ್ಪ.

ಮೂರನೆಯದು ಸ್ಪೀಚ್ ಥೆರಪಿ. ಉಚ್ಚಾರಣೆಯ ದೋಷ, ಉಗ್ಗು, ಮಾತು ತಡವಾಗುವುದು ಇವೆಲ್ಲ ಇದರ ವ್ಯಾಪ್ತಿಗೆ ಸೇರುತ್ತವೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಈ ಕ್ಷೇತ್ರದ ಪ್ರಮುಖ ವಿದ್ಯಾಕೇಂದ್ರವಾಗಿದೆ.

ಶಾಲೆಯಲ್ಲಿಯೇ ಏಕೆ?

ಆಸ್ಪತ್ರೆಗೆ ಹೋದ ದಿನ ಮಗುವಿಗೆ ಪಾಠ ತಪ್ಪುವುದು, ತಾಯಿಗೋ ತಂದೆಗೋ ಕೆಲಸ ತಪ್ಪುವುದು. ಮುಂಬಯಿಯ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ನಡೆಯಲಾರದ ಮಗುವನ್ನೆತ್ತಿಕೊಂಡು ಹೋಗುವ ಕಷ್ಟ ಬೇರೆ. ಮೇಲಾಗಿ, ಚಿಕಿತ್ಸಾಲಯದ ಕೋಣೆಯಲ್ಲಿ ಕಲಿತದ್ದು ತರಗತಿಯಲ್ಲಿ ತಾನಾಗಿ ಬಳಕೆಗೆ ಬರುವುದಿಲ್ಲ. ವಾರಕ್ಕೆ ಒಂದೆರಡು ಗಂಟೆ ಚಿಕಿತ್ಸಕರು ಕಲಿಸಿದುದನ್ನು ಉಳಿದ ಗಂಟೆಗಳಲ್ಲಿ ಉಪಾಧ್ಯಾಯರೂ ಸಹಪಾಠಿಗಳೂ ಮುಂದುವರಿಸಿದರೆ ಮಾತ್ರ ಅದು ಮೈಗೂಡುವುದು.

ಇದನ್ನು ಮನಗಂಡು ಮಿತು ಅಲೂರ್ ಅವರು 1972ರಲ್ಲಿ ಮುಂಬಯಿಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಸಂಸ್ಥೆಯನ್ನು ಸ್ಥಾಪಿಸಿ, ಪಾಠ ಮತ್ತು ಚಿಕಿತ್ಸೆಗಳನ್ನು ಒಂದೇ ಸೂರಿನಡಿ ತಂದರು. ಅವರ ಮಗಳು ಮಾಲಿನಿ ಚಿಬ್ ಅವರಿಗೆ ಸೆರೆಬ್ರಲ್ ಪಾಲ್ಸಿ ಇದೆ. ಅವರು ಉನ್ನತ ವ್ಯಾಸಂಗ ಮಾಡಿ, ಕಿರುಬೆರಳೊಂದರಿಂದಲೇ ಅಕ್ಷರಗಳನ್ನು ಒತ್ತಿ ಬರೆದ ಆತ್ಮಕಥೆ 2010ರಲ್ಲಿ ಪ್ರಕಟವಾಯಿತು.

ಭಾಷೆಯ ಪ್ರಶ್ನೆ

ನಗರದ ಕನ್ನಡ ಮನೆಗಳಿಗೆ ಇಲ್ಲೊಂದು ವಿಶೇಷ ಪ್ರಶ್ನೆಯುಂಟು. ಮಗುವಿಗೆ ಮಾತು ತಡವಾದರೆ, "ಮನೆಯಲ್ಲಿ ಕನ್ನಡ ಬಿಟ್ಟುಬಿಡಿ, ಎರಡು ಮೂರು ಭಾಷೆಗಳಿಂದ ಮಗು ಗಲಿಬಿಲಿಗೊಂಡಿದೆ" ಎಂದು ನೆರೆಹೊರೆಯವರು ಸಲಹೆ ಕೊಡುವರು. ಇದು ಸರಿಯಲ್ಲ. ಹಲವು ಭಾಷೆಗಳನ್ನು ಕೇಳುವುದರಿಂದ ವಾಕ್‌ದೋಷವೂ ಭಾಷಾದೋಷವೂ ಹುಟ್ಟುವುದಿಲ್ಲ. ನಿಜವಾದ ಭಾಷಾದೋಷವಿದ್ದರೆ ಅದು ಮಗು ಬಲ್ಲ ಎಲ್ಲ ಭಾಷೆಗಳಲ್ಲಿಯೂ ಕಾಣುವುದು. ಕನ್ನಡದಲ್ಲಿ ಸರಾಗವಾಗಿ ಮಾತನಾಡುವ ಮಗು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ತಡವರಿಸಿದರೆ ಅದು ದೋಷವಲ್ಲ, ಹೊಸ ಭಾಷೆಯ ಕಲಿಕೆ. ಕನ್ನಡವೊಂದನ್ನೇ ಬಲ್ಲ ತಾಯಿ ಕನ್ನಡ ಬಿಟ್ಟರೆ ಮಗುವಿನೊಡನೆ ಆಡಲು ಮಾತೇ ಉಳಿಯದು. ಮಾತು ಹೆಚ್ಚಾಗಿ ಬೇಕಾದ ಮಗುವಿಗೇ ಮಾತು ಕಡಿಮೆಯಾಗುವುದು.

ನ್ಯಾಯವಾದ ಹಕ್ಕು

ಈ ನೆರವು ದಯೆಯ ಮಾತಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಈ ಮಕ್ಕಳು ಇತರರ ಜೊತೆಯಲ್ಲಿಯೇ ಕಲಿಯುವಂತೆ ಮಾಡುವುದು ಶಾಲೆಗಳ ಕರ್ತವ್ಯವೆಂದು ವಿಧಿಸಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವ ಲಿಪಿಕಾರ ಮೊದಲಾದ ಅನುಕೂಲಗಳನ್ನೂ ಅದು ಹೇಳುತ್ತದೆ. ಆದರೂ ಚಿಕಿತ್ಸಕರಿರುವ ಶಾಲೆಗಳು ಇಂದಿಗೂ ವಿರಳ. ಕನ್ನಡ ಬಲ್ಲ ಚಿಕಿತ್ಸಕರು ಹೊರನಾಡಿನಲ್ಲಿ ಇನ್ನೂ ವಿರಳ. ನಿಮ್ಮಲ್ಲಿ ಕೆಲವರಾದರೂ ಮುಂದೆ ಈ ವಿದ್ಯೆಯನ್ನು ಕಲಿತರೆ ಆ ಕೊರತೆ ಅಷ್ಟರ ಮಟ್ಟಿಗೆ ನೀಗುವುದು.

ಅಲ್ಲಿಯವರೆಗೆ ವಿದ್ಯಾರ್ಥಿಗಳಾದ ನೀವು ಮಾಡಬಹುದಾದುದೂ ಸಾಕಷ್ಟಿದೆ. ಉಗ್ಗುವ ಗೆಳೆಯನ ಮಾತನ್ನು ನೀವೇ ಮುಗಿಸಬೇಡಿರಿ, "ನಿಧಾನ" ಎಂದು ಎಚ್ಚರಿಸಲೂ ಬೇಡಿರಿ. ಮುಖ ನೋಡುತ್ತ ಸುಮ್ಮನೆ ಕಾಯಿರಿ. ಗಾಲಿಕುರ್ಚಿಯನ್ನು ತಳ್ಳುವ ಮೊದಲು ಅದರಲ್ಲಿ ಕುಳಿತವರನ್ನು ಕೇಳಿರಿ. ಆಟದಲ್ಲಿ ಎಲ್ಲರಿಗೂ ಪಾಲಿರುವಂತೆ ನಿಯಮವನ್ನು ಬದಲಿಸಿರಿ.

ಇನ್ನು ಆ ಹುಡುಗನ ವಿಷಯ. ಚಿಕಿತ್ಸಕರ ಮಾತಿನಂತೆ ಅವನ ಕಾಲಡಿಗೆ ಒಂದು ಮರದ ಮಣೆಯನ್ನಿರಿಸಿ, ಪೆನ್ಸಿಲಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟೆವು. ಬೆರಳಿನ ಅಭ್ಯಾಸಗಳೂ ನಡೆದುವು. ಬರವಣಿಗೆ ಕ್ರಮೇಣ ಅರ್ಧ ಪುಟಕ್ಕೆ ಬಂದಿತು, ಎಂದಿಗೂ ವೇಗವಾಗಲಿಲ್ಲ. ಆದರೆ ಅವನು ಮತ್ತೆ ಕೈಯೆತ್ತಿ ಉತ್ತರ ಹೇಳಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಕಾಲಿಗೆ ಮಣೆ ಒಂದೇ ದಿನದಲ್ಲಿ ದೊರೆಯಿತು. ನಾವು ಕಳೆದ ಧೈರ್ಯವನ್ನು ತುಂಬಿಕೊಡಲು ಒಂದು ವರ್ಷವೇ ಬೇಕಾಯಿತು. ಆದುದರಿಂದ ಯಾರನ್ನಾದರೂ ಸೋಮಾರಿಯೆಂದು ಕರೆಯುವ ಮೊದಲು, ಅವರ ಕಾಲು ನೆಲಕ್ಕೆ ಎಟುಕುತ್ತಿದೆಯೇ ಎಂದು ಒಮ್ಮೆ ಬಗ್ಗಿ ನೋಡೋಣ.