ವ್ಯಾಪಾರೋದ್ಯಮಗಳಲ್ಲಿ ಸ್ತ್ರೀಯರ ಮುಂದಾಳುತನ



ನಮ್ಮ ಹೆಣ್ಣುಮಕ್ಕಳು ಕಲಿತು ಶಿಕ್ಷಕಿಯರೂ ದಾದಿಯರೂ ಆಗುವದನ್ನು ಸಮಾಜವು ಬಹುಕಾಲದಿಂದ ಸಂತೋಷದಿಂದ ಒಪ್ಪಿಕೊಂಡಿದೆ. ಅವರೇ ದಾಲ್ ಮಿಲ್ಲನ್ನಾಗಲಿ ಅಡತಿಯ ಅಂಗಡಿಯನ್ನಾಗಲಿ ನಡಿಸುತ್ತೇವೆಂದರೆ ಮಾತ್ರ ಮನೆಯ ಹಿರಿಯರೇ ಮೊದಲು ಸಂಶಯಪಡುವರು. ಈ ಸಂಶಯಕ್ಕೆ ಆಧಾರವುಂಟೇ, ಉಂಟಾದರೆ ಅದನ್ನು ನಿವಾರಿಸುವ ಬಗೆ ಯಾವದು ಎಂಬದನ್ನು ಈ ಪಾಠದಲ್ಲಿ ವಿಚಾರಿಸುವೆವು.

೧. ನಮ್ಮ ಸೀಮೆಯ ಸ್ಥಿತಿ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳೂ ತೊಗರಿಯ ಸೀಮೆಗೆ ಸೇರಿದವು. ಇಲ್ಲಿಯ ಕರಿನೆಲದ ಬೇಳೆಗೆ ೨೦೧೯ರಲ್ಲಿ ‘ಗುಲ್ಬರ್ಗಾ ತೊಗರಿ ಬೇಳೆ’ ಎಂಬ ಹೆಸರಿನಿಂದ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಬಿತ್ತುವಾಗ, ಕಳೆ ತೆಗೆಯುವಾಗ, ರಾಶಿ ಮಾಡುವಾಗ ಹೆಣ್ಣುಮಕ್ಕಳ ಕೈ ಇದ್ದೇ ಇರುವದು. ಚೀಲವು ಅಡತಿಗೆ ಹೋದೊಡನೆ ಮಾತುಕತೆಯೆಲ್ಲಾ ಗಂಡಸರದಾಗುವದು. ತೂಕ, ದರ, ಪಟ್ಟಿ, ರೊಕ್ಕ ಈ ನಾಲ್ಕೂ ಅವಳ ಕಣ್ಣಿಗೆ ಬೀಳುವದಿಲ್ಲ. ಕೆಲಸವನ್ನು ಬಲ್ಲವಳು ವ್ಯವಹಾರವನ್ನು ಅರಿಯದೆ ಉಳಿಯುವದು ಈ ಎಡೆಯಲ್ಲಿಯೇ.

ಜೋಳದ ರೊಟ್ಟಿಯ ವಿಷಯದಲ್ಲಿ ಈ ರೂಢಿಯು ಸ್ವಲ್ಪ ಬದಲಾಗಿದೆ. ಕಲಬುರಗಿ ಜಿಲ್ಲೆಯ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ತಾವು ಬಡಿದ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಿಂದ ಬೆಂಗಳೂರಿನವರೆಗೂ ಮಾರಹತ್ತಿದ್ದಾರೆ. ನಿತ್ಯವೂ ಒಲೆಯ ಮುಂದೆ ಕೂಲಿಯಿಲ್ಲದೆ ಮಾಡುತ್ತಿದ್ದ ಕೆಲಸಕ್ಕೆ ಈಗ ಬೆಲೆ ಬಂದಿದೆ.

೨. ಎರಡು ದೃಷ್ಟಾಂತಗಳು

ಅಫಜಲಪುರ ತಾಲೂಕಿನ ಹವಳಗಾದಲ್ಲಿರುವ ಶ್ರೀ ರೇಣುಕಾ ಸಕ್ಕರೆ ಕಾರ್ಖಾನೆಯನ್ನು ನಿಮ್ಮಲ್ಲಿ ಅನೇಕರು ಕಂಡಿರುವಿರಿ. ಈ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರು ಬೆಳಗಾವಿಯ ಶ್ರೀಮತಿ ವಿದ್ಯಾ ಮುರಕುಂಬಿಯವರು. ಸಕ್ಕರೆಯ ಉದ್ಯಮವೆಂದರೆ ಗಂಡಸರದೇ ಎಂದು ತಿಳಿದಿದ್ದ ಕಾಲದಲ್ಲಿ, ಅಂದರೆ ೧೯೯೮ರಲ್ಲಿ, ಅವರೂ ಅವರ ಮಗನಾದ ಶ್ರೀ ನರೇಂದ್ರರೂ ಹಿಂದೂಪುರದಲ್ಲಿದ್ದ ನಿಜಾಮ್ ಶುಗರ್ಸ್ ಸಂಸ್ಥೆಯ ಕಾರ್ಖಾನೆಯನ್ನು ಕೊಂಡು, ಅದನ್ನು ಬೆಳಗಾವಿ ಜಿಲ್ಲೆಯ ಮುನವಳ್ಳಿಗೆ ತಂದು ನಿಲ್ಲಿಸಿದರು. ಕಬ್ಬು ಬೆಳೆಯುವ ರೈತರನ್ನೇ ಪಾಲುದಾರರನ್ನಾಗಿ ಮಾಡಿಕೊಂಡರು. ಇದರ ಮರ್ಮವನ್ನು ಗಮನಿಸಿರಿ. ಕಡಿದ ಕಬ್ಬು ತಡವಾದಷ್ಟು ಒಣಗಿ ತೂಕವನ್ನೂ ಸಿಹಿಯನ್ನೂ ಕಳಕೊಳ್ಳುವದು. ಆದಕಾರಣ ರೈತನಿಗೆ ಕಾರ್ಖಾನೆಯ ಮೇಲೆಯೂ ಕಾರ್ಖಾನೆಗೆ ರೈತನ ಮೇಲೆಯೂ ನಂಬಿಕೆ ಇರಲೇಬೇಕು. ಪಾಲು ಪಡೆದ ರೈತನು ಕಾರ್ಖಾನೆಯನ್ನು ತನ್ನದೆಂದು ಎಣಿಸುವನು.

ಸಂಸ್ಥೆಯು ೨೦೦೫ರಲ್ಲಿ ತನ್ನ ಷೇರುಗಳನ್ನು ಸಾರ್ವಜನಿಕರಿಗೆ ಮಾರಿತು. ಕಬ್ಬಿನ ಸಿಪ್ಪೆಯಿಂದ ವಿದ್ಯುತ್ತನ್ನೂ ಕಾಕಂಬಿಯಿಂದ ಮದ್ಯಸಾರವನ್ನೂ ತೆಗೆಯಿತು. ೨೦೧೦ರಲ್ಲಿ ಬ್ರೆಜಿಲ್ ದೇಶದ ಕಾರ್ಖಾನೆಗಳನ್ನೂ ಕೈವಶಮಾಡಿಕೊಂಡಿತು. ಆಮೇಲೆ ಸಾಲದ ಭಾರವು ಹೆಚ್ಚಿ, ೨೦೧೮ರಲ್ಲಿ ಆಡಳಿತವು ಸಿಂಗಾಪುರದ ವಿಲ್ಮಾರ್ ಸಂಸ್ಥೆಯ ಕೈಗೆ ಹೋಯಿತು.

ಏಳಿಗೆಯನ್ನು ಮಾತ್ರ ಹೇಳಿ ಇಳಿತವನ್ನು ಮುಚ್ಚಿಟ್ಟರೆ ಪಾಠವು ಅರ್ಧವಾಗುವದು. ಗಂಡಸಿನ ವ್ಯಾಪಾರವು ಕುಸಿದರೆ ಕಾಲ ಕೆಟ್ಟಿತೆನ್ನುವರು. ಹೆಂಗಸಿನದು ಕುಸಿದರೆ ಹೆಣ್ಣಿಗೆ ಇದೇಕೆ ಬೇಕಿತ್ತೆನ್ನುವರು. ಈ ಎರಡನೆಯ ಮಾತು ನ್ಯಾಯವಲ್ಲ. ಸಾಲ, ಮಳೆ, ಪೇಟೆಯ ಧಾರಣೆ ಇವು ಗಂಡು ಹೆಣ್ಣೆಂದು ನೋಡುವದಿಲ್ಲ. ಆದರೂ ಅಳತೆಯನ್ನರಿಯುವ ಜಾಣತನವು ಎಲ್ಲರಿಗೂ ಬೇಕು. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನು, ಗಂಡನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಮರಳಿಸೆಂದು ಹೇಳಿದ ಕಥೆಯನ್ನು ನಮ್ಮ ಸೀಮೆಯವರೆಲ್ಲರೂ ಬಲ್ಲರು.

ಎರಡನೆಯದು ಬೆಂಗಳೂರಿನ ಶ್ರೀಮತಿ ಕಿರಣ್ ಮಜುಂದಾರ್ ಷಾ ಅವರದು. ಅವರು ಆಸ್ಟ್ರೇಲಿಯದಲ್ಲಿ ಬಿಯರ್ ತಯಾರಿಕೆಯ ಶಾಸ್ತ್ರವನ್ನು ಕಲಿತು ಬಂದರೂ, ಹೆಣ್ಣೆಂಬ ಕಾರಣದಿಂದ ಇಲ್ಲಿ ಆ ಕೆಲಸವು ದೊರೆಯಲಿಲ್ಲ. ಅದೇ ಹುದುಗಿನ ವಿದ್ಯೆಯನ್ನು ಕಿಣ್ವಗಳ ತಯಾರಿಕೆಗೆ ತಿರುಗಿಸಿ, ೧೯೭೮ರಲ್ಲಿ ೧೦,೦೦೦ ರೂಪಾಯಿ ಬಂಡವಾಳದಿಂದ ಬಯೋಕಾನ್ ಸಂಸ್ಥೆಯನ್ನು ತೊಡಗಿದರು. ಸಾಲ ಕೊಡಲು ಬ್ಯಾಂಕುಗಳು ಮೊದಲು ಹಿಂಜರಿದವು. ಆ ಸಂಸ್ಥೆಯು ಮುಂದೆ ಔಷಧಗಳ ತಯಾರಿಕೆಯಲ್ಲಿ ಹೆಸರಾಯಿತು. ಒಂದು ಬಾಗಿಲು ಮುಚ್ಚಿದಾಗ ಕಲಿತ ವಿದ್ಯೆಯು ವ್ಯರ್ಥವಾಗಲಿಲ್ಲವೆಂಬದನ್ನು ನೆನಪಿಡತಕ್ಕದ್ದು.

೩. ಬೇಕಾದ ಸಾಧನಗಳು

ಮೊದಲನೆಯದು ಲೆಕ್ಕ. ಒಬ್ಬಾಕೆಯು ತಿಂಗಳಿಗೆ ೧೫,೦೦೦ ರೂಪಾಯಿಯ ರೊಟ್ಟಿ ಮಾರುವಳೆನ್ನೋಣ. ಜೋಳ, ಉರುವಲು, ಪೊಟ್ಟಣ, ಸಾಗಣೆ ಇವುಗಳಿಗೆ ೯,೦೦೦ ಹೋದರೆ ಉಳಿದ ೬,೦೦೦ ರೂಪಾಯಿಯನ್ನು ಲಾಭವೆಂದು ಹಿಗ್ಗುವಳು. ಆಕೆಯ ೨೫ ದಿನಗಳ ದುಡಿಮೆಗೆ ದಿನಕ್ಕೆ ೨೫೦ರಂತೆ ಕೂಲಿ ಹಿಡಿದರೆ ೬,೨೫೦ ಆಗುವದು. ಹಾಗಾದರೆ ಆಕೆಯು ೨೫೦ ರೂಪಾಯಿ ನಷ್ಟದಲ್ಲಿರುವಳು. ತನ್ನ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದ ಹೆಂಗಸು ವ್ಯಾಪಾರವನ್ನು ಬೆಳೆಸಲಾರಳು. ನಾಳೆ ಆಳನ್ನಿಟ್ಟುಕೊಂಡ ದಿನವೇ ಅದು ನಿಂತುಹೋಗುವದು.

ಎರಡನೆಯದು ಹೆಸರು. ಅನೇಕ ಮನೆಗಳಲ್ಲಿ ಅಂಗಡಿಯ ಖಾತೆ ಬರೆಯುವವಳು ಮಗಳು, ಪರವಾನಗಿ ಇರುವದು ಅಣ್ಣನ ಹೆಸರಿನಲ್ಲಿ. ಸಂಘದ ಸಾಲಕ್ಕೆ ಸಹಿ ಹಾಕುವವಳು ಹೆಂಡತಿ, ರೊಕ್ಕವನ್ನು ವೆಚ್ಚ ಮಾಡುವವನು ಗಂಡ. ಸಾಲಕ್ಕೆ ಭದ್ರತೆ ಕೇಳಿದಾಗ ಅವಳ ಹೆಸರಿನಲ್ಲಿ ಏನೂ ಇರುವದಿಲ್ಲ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕುಂಟೆಂದು ೨೦೦೫ರ ತಿದ್ದುಪಡಿಯು ದೇಶಕ್ಕೆಲ್ಲಾ ವಿಧಿಸಿತು. ಕ್ರೈಸ್ತ ತಂದೆತಾಯಿಗಳು ಉಯಿಲು ಬರೆಯದೆ ತೀರಿಕೊಂಡರೆ ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಮಗಳಿಗೂ ಸಮಪಾಲು ಕೊಡುವದು. ಆದರೂ ಮದುವೆಯ ತರುವಾಯ ತವರಿನ ಪ್ರೀತಿ ಉಳಿಯಲೆಂದು ಹೆಣ್ಣುಮಕ್ಕಳು ಹಕ್ಕು ಬಿಡುಗಡೆಯ ಪತ್ರಕ್ಕೆ ಸಹಿ ಹಾಕುವದು ಕಂಡುಬರುತ್ತದೆ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿರಿ.

ಮೂರನೆಯದು ಬಳಗ. ಗಂಡಸರು ಪೇಟೆಯ ಸುದ್ದಿಯನ್ನು ಚಹದ ಅಂಗಡಿಯಲ್ಲಿ ತಿಳಿದುಕೊಳ್ಳುವರು; ಹೆಂಗಸಿಗೆ ಅಂಥ ಸ್ಥಳವಿಲ್ಲ. ಈ ಕೊರತೆಯನ್ನು ನೀಗಲು ಬೆಂಗಳೂರಿನಲ್ಲಿ ೧೯೮೩ರಲ್ಲಿ ‘ಅವೇಕ್’ ಎಂಬ ಮಹಿಳಾ ಉದ್ಯಮಿಗಳ ಸಂಘವು ಹುಟ್ಟಿತು. ನಮ್ಮ ಪೂರ್ವ ವಿದ್ಯಾರ್ಥಿನಿಯರು ತಾಲೂಕಿಗೊಂದರಂತೆ ಕೂಡಿ, ದರವನ್ನೂ ಅನುಭವವನ್ನೂ ಹಂಚಿಕೊಂಡರೆ ಅದೇ ಒಂದು ಬಂಡವಾಳವಾಗುವದು.

೪. ಪಾಲಕರಿಗೆ ವಿಜ್ಞಾಪನೆ

೨೦೧೩ರ ಕಂಪನಿ ಕಾಯಿದೆಯ ಪ್ರಕಾರ ಷೇರುಪೇಟೆಯಲ್ಲಿ ನೋಂದಾಯಿತವಾದ ಪ್ರತಿ ಕಂಪನಿಯ ನಿರ್ದೇಶಕರಲ್ಲಿ ಒಬ್ಬಳಾದರೂ ಸ್ತ್ರೀ ಇರತಕ್ಕದ್ದು. ಕಾಯಿದೆಯು ಕುರ್ಚಿಯನ್ನು ಕೊಡಬಲ್ಲದು. ಅದರಲ್ಲಿ ಕೂತು ನುಡಿಯುವ ಧೈರ್ಯವು ಬಾಲ್ಯದಲ್ಲಿಯೇ ಮನೆಯಿಂದ ಬರಬೇಕು. ಹತ್ತನೆಯ ತರಗತಿಗೆ ಮುಂಚೆ ಮಗಳನ್ನು ಶಾಲೆ ಬಿಡಿಸಬೇಡಿರಿ. ರಜೆಯಲ್ಲಿ ಅವಳನ್ನು ಅಡತಿಗೂ ಬ್ಯಾಂಕಿಗೂ ಕರಕೊಂಡು ಹೋಗಿರಿ. ಅವಳು ಪ್ರಶ್ನೆ ಕೇಳಿದರೆ ಗದರಿಸಬೇಡಿರಿ.

ಮನೆಯಲ್ಲಿ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

೧. ನಿಮ್ಮ ಮನೆಯ ವ್ಯವಹಾರದಲ್ಲಿ ಹೆಣ್ಣುಮಕ್ಕಳು ಮಾಡುವ ಕೆಲಸಗಳು ಯಾವವು? ಅವುಗಳಿಗೆ ಕೂಲಿ ಹಿಡಿದರೆ ತಿಂಗಳಿಗೆ ಎಷ್ಟಾಗುವದು?

೨. ಹೊಲ, ಅಂಗಡಿ, ಬ್ಯಾಂಕಿನ ಖಾತೆ ಇವುಗಳಲ್ಲಿ ಯಾವದು ಮಗಳ ಅಥವಾ ಸೊಸೆಯ ಹೆಸರಿನಲ್ಲಿದೆ?

೩. ಕಳೆದ ಸುಗ್ಗಿಯಲ್ಲಿ ತೊಗರಿಯು ಯಾವ ದರಕ್ಕೆ ಮಾರಿತೆಂಬದನ್ನು ನಿಮ್ಮ ಮಗಳು ಹೇಳಬಲ್ಲಳೇ?